ಇಸಿಯು ಬದಲಿಸುವ ಮೊದಲು ನಾಲ್ಕನೆಯ ಕೋಡನ್ನು ಓದಿ

ಪ್ರಶ್ನೆ: ನಾನು ಕಾಸರಗೋಡಿನ ಮುಳ್ಳೇರಿಯ ಕಡೆಯವನು. 2015ರ ಮಾದರಿಯ ಕಾಮನ್ ರೈಲ್ ಡೀಸೆಲ್ ಪಿಕಪ್ ಇದೆ, 1,80,000 ಕಿಲೋಮೀಟರ್ ಓಡಿದೆ. ಮುರಕಲ್ಲು, ಅಡಿಕೆ ಸಾಗಿಸುತ್ತೇನೆ. ಆಗೊಮ್ಮೆ ಈಗೊಮ್ಮೆ ಪಾಣತ್ತೂರು ದಾರಿಯಾಗಿ ಭಾಗಮಂಡಲಕ್ಕೆ ಬಾಡಿಗೆ ಇರುತ್ತದೆ. ಮಳೆ ಹಿಡಿದ ಮೇಲೆ ಎಂಜಿನ್ ದೀಪ ಹತ್ತುತ್ತದೆ, ಏರಿನಲ್ಲಿ ಗಾಡಿ ಎಳೆಯುವುದಿಲ್ಲ. ಕೀಲಿ ತಿರುಗಿಸಿ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ದೂರ ಸರಿಯಾಗಿ ಹೋಗುತ್ತದೆ. ವರ್ಕ್‌ಶಾಪ್‌ನ ಸ್ಕ್ಯಾನರ್‌ನಲ್ಲಿ ಪಿ0237, ಪಿ0192, ಪಿ2138, ಪಿ0642 ಎಂಬ ದೋಷದ ಕೋಡ್‌ಗಳು ಬಂದವು. ಒಂದು ಕಡೆ ಬೂಸ್ಟ್ ಸೆನ್ಸರ್ ಬದಲಿಸಿದರು, ಇನ್ನೊಂದು ಕಡೆ ಆಕ್ಸಿಲರೇಟರ್ ಪೆಡಲ್ ಬದಲಿಸಿದರು. ಈಗ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು ಹೋಗಿದೆ, ಗುಜರಿಯಿಂದ ಹಳೆಯದು ತರಿಸೋಣ ಎನ್ನುತ್ತಿದ್ದಾರೆ. ನಾನೇ ಒಂದು ಸಣ್ಣ ಬ್ಲೂಟೂತ್ ರೀಡರ್ ತೆಗೆದುಕೊಂಡೆ, ಅದು ಗಾಡಿಯೊಂದಿಗೆ ಮಾತೇ ಆಡುವುದಿಲ್ಲ. ಏನು ಮಾಡಲಿ?

ಉತ್ತರ: ಇಸಿಯು ಬದಲಿಸಬೇಡಿ, ಕನಿಷ್ಠ ಈ ವಾರ ಬೇಡ. ಎರಡು ಬಿಡಿಭಾಗಗಳಿಗೆ ಈಗಾಗಲೇ ಹಣ ಕೊಟ್ಟಿದ್ದೀರಿ. ಮೂರನೆಯದಕ್ಕೆ ಕೊಡುವ ಮೊದಲು ನಿಮ್ಮ ಪಟ್ಟಿಯ ಕೊನೆಯ ಕೋಡನ್ನು ಯಾರಾದರೂ ಓದಬೇಕಿತ್ತು. ಪಿ0237 ಎಂದರೆ ಟರ್ಬೊ ಎಂಜಿನ್ನಿಗೆ ತಳ್ಳುವ ಗಾಳಿಯ ಒತ್ತಡ ಅಳೆಯುವ ಬೂಸ್ಟ್ ಸೆನ್ಸರ್, ಅಂಗಡಿಯಲ್ಲಿ ಸಿಗುತ್ತದೆ. ಪಿ2138 ಎಂದರೆ ಪೆಡಲ್, ಅದೂ ಸಿಗುತ್ತದೆ. ಪಿ0642ಕ್ಕೆ ಮಾತ್ರ ಡಬ್ಬಿಯಲ್ಲಿ ಕಟ್ಟಿಕೊಡುವ ಬಿಡಿಭಾಗ ಇಲ್ಲ. ಹಾಗಾಗಿ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಮೊದಲು ಈ ನಾಲ್ಕೂ ಏನು ಹೇಳುತ್ತಿವೆ ಎಂದು ನೋಡೋಣ. ಪಿ ಎಂದರೆ ಎಂಜಿನ್ ಮತ್ತು ಗೇರ್‌ಬಾಕ್ಸ್‌ಗೆ ಸೇರಿದ್ದು. ಅದರ ಮುಂದೆ ಸೊನ್ನೆ ಅಥವಾ ಎರಡು ಇದ್ದರೆ ಸಾಮಾನ್ಯವಾಗಿ ಎಲ್ಲ ಕಂಪನಿಗಳಿಗೂ ಒಂದೇ ಅರ್ಥ; ಒಂದು ಇದ್ದರೆ ಆಯಾ ಕಂಪನಿಯ ಸ್ವಂತ ಕೋಡ್, ಅದರ ಅರ್ಥವನ್ನು ಆ ಕಂಪನಿಯ ಪುಸ್ತಕದಲ್ಲೇ ನೋಡಬೇಕು. ಪಿ0237 ಹೇಳುವುದು ಇಷ್ಟೇ: ಬೂಸ್ಟ್ ಸೆನ್ಸರ್‌ನ ತಂತಿಯಲ್ಲಿ ಇರಬೇಕಾದುದಕ್ಕಿಂತ ಕಡಿಮೆ ವೋಲ್ಟೇಜ್ ಕಂಡಿತು. ಪಿ0192 ಅದೇ ಮಾತನ್ನು ಡೀಸೆಲ್ ರೈಲಿನ (ಎಲ್ಲ ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಕೊಳವೆಯ) ಒತ್ತಡದ ಸೆನ್ಸರ್ ಬಗ್ಗೆ ಹೇಳುತ್ತದೆ. ಪಿ2138 ಎಂದರೆ ಪೆಡಲಿನೊಳಗಿನ ಎರಡು ಸೆನ್ಸರ್‌ಗಳ ಲೆಕ್ಕ ಪರಸ್ಪರ ತಾಳೆಯಾಗಲಿಲ್ಲ. ಪಿ0642 ಎಂದರೆ ಸೆನ್ಸರ್‌ಗಳಿಗೆ ಇಸಿಯು ಕೊಡುವ 5 ವೋಲ್ಟ್‌ನ ಆಧಾರ ವೋಲ್ಟೇಜ್ ಕುಸಿಯಿತು. ‘ಸೆನ್ಸರ್ ಕೆಟ್ಟಿದೆ’ ಎಂದು ನಾಲ್ಕರಲ್ಲಿ ಒಂದೂ ಹೇಳುತ್ತಿಲ್ಲ. ಇಸಿಯು ತನ್ನ ಪಿನ್ನಿನ ತುದಿಯಲ್ಲಿ ಏನು ಕಂಡಿತೋ ಅದನ್ನು ಬರೆದಿಟ್ಟಿದೆ. ಪಿನ್ನಿನಿಂದ ಸೆನ್ಸರ್‌ವರೆಗೆ ಮೀಟರ್‌ಗಟ್ಟಲೆ ತಂತಿ, ಎರಡು ಮೂರು ಕನೆಕ್ಟರ್, ಒಂದು ಅರ್ತ್ ಇರುತ್ತವೆ. ಅಲ್ಲಿ ಎಲ್ಲಿ ಕೆಟ್ಟರೂ ಬರುವ ಕೋಡ್ ಇದೇ.

ನಮ್ಮ ಕಡೆಯ ಗುಡ್ಡದ ಮನೆಗಳಲ್ಲಿ ನೀರಿಗಾಗಿ ಅಡ್ಡ ಕೊರೆದ ಸುರಂಗ ನೆನಪಿಸಿಕೊಳ್ಳಿ. ಸುರಂಗದಿಂದ ಬರುವ ಒಂದೇ ನೀರು ಅಡುಗೆಮನೆಗೆ, ಹಟ್ಟಿಗೆ, ತೋಟಕ್ಕೆ ಕವಲೊಡೆದು ಹೋಗುತ್ತದೆ. ಹಟ್ಟಿಯ ಹತ್ತಿರ ಪೈಪ್ ಒಡೆದರೆ ಮೂರು ಕಡೆಯೂ ನೀರು ಸಣ್ಣದಾಗುತ್ತದೆ. ಆಗ ಅಡುಗೆಮನೆಯ ನಲ್ಲಿ ಬದಲಿಸಿದರೆ ಏನು ಬಂತು? ಬೂಸ್ಟ್ ಸೆನ್ಸರ್, ರೈಲ್ ಸೆನ್ಸರ್, ಪೆಡಲಿನ ಒಂದು ಸೆನ್ಸರ್ ಒಂದೇ 5 ವೋಲ್ಟ್ ಹಂಚಿಕೊಂಡಿದ್ದರೆ, ಅದು ಕುಸಿದಾಗ ಮೂರೂ ಒಟ್ಟಿಗೆ ಮುಗ್ಗರಿಸುತ್ತವೆ. ಪೆಡಲಿನ ಎರಡು ಸೆನ್ಸರ್‌ಗಳಿಗೆ ಹೆಚ್ಚಿನ ಗಾಡಿಗಳಲ್ಲಿ ಬೇರೆ ಬೇರೆ ವೋಲ್ಟೇಜ್ ದಾರಿ ಇರುತ್ತದೆ. ಒಂದು ಕುಸಿದು ಇನ್ನೊಂದು ನೆಟ್ಟಗೆ ನಿಂತರೆ ಎರಡರ ಲೆಕ್ಕ ತಾಳೆಯಾಗದೆ ಪಿ2138 ಬಾರದೆ ಇರುತ್ತದೆಯೇ? ಯಾವ ಸೆನ್ಸರ್ ಯಾವ ದಾರಿಯಲ್ಲಿದೆ ಎನ್ನುವುದು ಮಾದರಿಯಿಂದ ಮಾದರಿಗೆ ಬೇರೆ. ನಿಮ್ಮ ಮಾದರಿಯ ವೈರಿಂಗ್ ನಕ್ಷೆ ಇಲ್ಲದೆ ಈ ಕೆಲಸಕ್ಕೆ ಕೈ ಹಾಕುವವರಿಂದ ದೂರ ಇರಿ.

ಗಾಡಿ ಎಳೆಯದಿರುವುದಕ್ಕೂ, ಕೀಲಿ ತಿರುಗಿಸಿದರೆ ಸರಿಯಾಗುವುದಕ್ಕೂ ಉತ್ತರ ಇಲ್ಲೇ ಇದೆ. ಟರ್ಬೊ ಎಷ್ಟು ಗಾಳಿ ಕೊಡುತ್ತಿದೆ, ರೈಲಿನಲ್ಲಿ ಎಷ್ಟು ಒತ್ತಡ ಇದೆ ಎಂದು ತಿಳಿಯದ ಇಸಿಯು ಎಂಜಿನನ್ನು ಉಳಿಸಲು ಡೀಸೆಲ್ ಕಡಿಮೆ ಮಾಡುತ್ತದೆ. ಇದೇ ಲಿಂಪ್ ಮೋಡ್. ಕೀಲಿ ತೆಗೆದು ಹಾಕಿದಾಗ ಮತ್ತೆ ಹೊಸದಾಗಿ ಪರೀಕ್ಷಿಸುತ್ತದೆ. ಆ ಹೊತ್ತಿಗೆ ತಂತಿ ಸ್ವಲ್ಪ ಸರಿದಿದ್ದರೆ, ಎಂಜಿನ್ನಿನ ಬಿಸಿಗೆ ನೀರು ಆರಿದ್ದರೆ, ಎಲ್ಲ ಸರಿ ಎಂದು ಬಿಟ್ಟುಬಿಡುತ್ತದೆ. ಇನ್ನೊಂದು ಸಮಾಧಾನದ ವಿಷಯ: 5 ವೋಲ್ಟ್ ತಂತಿ ಗಾಡಿಯ ಲೋಹದ ಮೈಗೆ ತಾಗಿದರೆ ಸಾಮಾನ್ಯವಾಗಿ ಇಸಿಯು ಸುಡುವುದಿಲ್ಲ. ಒಳಗಿನ ರೆಗ್ಯುಲೇಟರ್ ಕರೆಂಟನ್ನು ಮಿತಿಗೊಳಿಸಿ ತಾಳಿಕೊಳ್ಳುತ್ತದೆ, ತಾಗುವುದು ತಪ್ಪಿದ ಕೂಡಲೇ ಚೇತರಿಸಿಕೊಳ್ಳುತ್ತದೆ. ನಿಮ್ಮದು ಮಳೆಗೆ ಕೆಟ್ಟು ಬಿಸಿಲಿಗೆ ಸರಿಯಾಗುವ ಗಾಡಿ. ಹಾಗಾಗಿ ನನ್ನ ಮೊದಲ ಅನುಮಾನ ತಂತಿಯ ಮೇಲೆ, ಎರಡನೆಯದು ಕನೆಕ್ಟರ್ ಮೇಲೆ, ಮೂರನೆಯದು ಒಳಗೇ ಶಾರ್ಟ್ ಆದ ಯಾವುದೋ ಒಂದು ಸೆನ್ಸರ್ ಮೇಲೆ. ಇಸಿಯು ಸರದಿಯಲ್ಲಿ ಕೊನೆಗೆ.

ಈಗ ಪರೀಕ್ಷೆ. ಬೇಕಾದದ್ದು ಒಂದು ಡಿಜಿಟಲ್ ಮಲ್ಟಿಮೀಟರ್, ಗಿಡಗಳಿಗೆ ನೀರು ಚಿಮುಕಿಸುವ ಒಂದು ಬಾಟಲಿ ಮತ್ತು ಅವಸರವಿಲ್ಲದ ಒಂದು ಮಧ್ಯಾಹ್ನ. ಬಲ್ಬ್ ಹಾಕಿದ ಟೆಸ್ಟ್ ಲ್ಯಾಂಪನ್ನು 5 ವೋಲ್ಟ್ ತಂತಿಗೆ ಹಚ್ಚಬೇಡಿ. ಅದು ಎಳೆಯುವ ಕರೆಂಟಿಗೇ ವೋಲ್ಟೇಜ್ ಕುಸಿದು ಹೊಸ ಗೊಂದಲವಾಗುತ್ತದೆ. ಸೂಜಿಯಿಂದ ತಂತಿಯ ಸಿಪ್ಪೆ ಚುಚ್ಚಿ ನೋಡುವ ಅಭ್ಯಾಸವೂ ಬೇಡ. ಒಣ ಊರಿನಲ್ಲಿ ಅದು ನಡೆಯಬಹುದು. ನಮ್ಮ ಮಳೆಯಲ್ಲಿ ಆ ಸೂಜಿಯ ತೂತಿನಿಂದ ಇಳಿದ ನೀರು ಒಂದು ವರ್ಷದಲ್ಲಿ ತಾಮ್ರವನ್ನು ಕಿಲುಬು ಹಿಡಿಸಿ ಪುಡಿ ಮಾಡುತ್ತದೆ. ಕನೆಕ್ಟರಿನ ಹಿಂಬದಿಯಿಂದ ತೆಳ್ಳನೆಯ ಪಿನ್ ಇಳಿಸಿ ಅಳೆಯಿರಿ.

ಮೊದಲು ಬ್ಯಾಟರಿ ಮತ್ತು ಅರ್ತ್. ಇದು ಹತ್ತು ನಿಮಿಷದ ಕೆಲಸ, ಆದರೆ ಇದನ್ನು ಬಿಟ್ಟು ಮುಂದೆ ಹೋದವರು ತಿರುಗಿ ಇಲ್ಲಿಗೇ ಬರುತ್ತಾರೆ. ಎಂಜಿನ್ ನಿಂತಿರುವಾಗ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್, ಓಡುವಾಗ 13.8ರಿಂದ 14.5ರ ಒಳಗೆ ತೋರಿಸಬೇಕು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೂ ಇಟ್ಟು ಸ್ಟಾರ್ಟರ್ ತಿರುಗಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಅರ್ತ್ ಪಟ್ಟಿ ತುಕ್ಕು ಹಿಡಿದಿದೆ ಎಂದರ್ಥ. ಉಪ್ಪಳ, ಕುಂಬಳೆ, ಮಂಜೇಶ್ವರದ ಕಡಲ ಬದಿಯ ಗಾಡಿಗಳಲ್ಲಿ ಇದು ಮಾಮೂಲು. ನಿಮ್ಮದು ಗುಡ್ಡದ ಗಾಡಿಯಾದರೂ ನೋಡಿಬಿಡಿ.

ಅನಂತರ ಬೂಸ್ಟ್ ಸೆನ್ಸರ್‌ನ ಕನೆಕ್ಟರ್. ಕೀಲಿ ಆನ್, ಎಂಜಿನ್ ಆಫ್. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಕೆಂಪು ಕಡ್ಡಿ 5 ವೋಲ್ಟ್ ಪಿನ್ನಿಗೆ. ಒಣ ಬಿಸಿಲಿನಲ್ಲಿ ಬಹುಶಃ ಚೊಕ್ಕ 5 ವೋಲ್ಟ್ ತೋರಿಸುತ್ತದೆ. ಇಲ್ಲಿಯೇ ಹೆಚ್ಚಿನವರು ‘ವೈರಿಂಗ್ ಸರಿ ಇದೆ’ ಎಂದು ತೀರ್ಪು ಕೊಟ್ಟು ಬಿಡಿಭಾಗದ ಪಟ್ಟಿ ಬರೆಯಲು ಕೂರುವುದು. ತೊಂದರೆ ಕಾಣಿಸಿಕೊಳ್ಳುವುದು ಮಳೆಯಲ್ಲಿ ಮತ್ತು ಅಲುಗಾಟದಲ್ಲಿ ತಾನೇ? ಹಾಗಾದರೆ ಎರಡನ್ನೂ ನಾವೇ ತರಿಸಬೇಕು. ಮೀಟರ್ ಹಚ್ಚಿದಂತೆಯೇ ಇರಲಿ, ಒಬ್ಬರು ಅದನ್ನೇ ನೋಡುತ್ತಿರಲಿ. ನೀವು ವೈರಿಂಗ್ ಕಟ್ಟನ್ನು ಗೇಣು ಗೇಣಾಗಿ ಮೆಲ್ಲಗೆ ಅಲುಗಾಡಿಸುತ್ತಾ, ಒಂದೊಂದು ಕಡೆ ನೀರು ಚಿಮುಕಿಸುತ್ತಾ ಹೋಗಿ. ಪ್ರೆಷರ್ ವಾಷರ್ ಬೇಡ, ಅದು ಒಳ್ಳೆಯ ಕನೆಕ್ಟರ್‌ಗೂ ನೀರು ನುಗ್ಗಿಸುತ್ತದೆ. 5 ಇದ್ದದ್ದು ಯಾವ ಜಾಗದಲ್ಲಿ 3ಕ್ಕೋ 1ಕ್ಕೋ ಬಿತ್ತೋ ಅಲ್ಲಿ ನಿಲ್ಲಿ.

ಹುಡುಕುವ ಜಾಗಗಳನ್ನು ಹೇಳುತ್ತೇನೆ. ಎಂಜಿನ್ನಿನ ಮೇಲೆ ಹಾದು ಹೋಗುವ ಕಟ್ಟು ತಗಡಿನ ಬ್ರಾಕೆಟ್ಟಿನ ಅಂಚಿಗೆ ಉಜ್ಜುವ ಕಡೆ. ಬ್ಯಾಟರಿ ತಟ್ಟೆಯ ಕೆಳಗೆ. ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಯಲ್ಲಿ ರಬ್ಬರ್ ಬಳೆ ಹರಿದು ತಂತಿ ನೇರ ತಗಡಿಗೆ ತಾಗುವ ಕಡೆ. ಮುರಕಲ್ಲು ಹೊತ್ತು ಕಚ್ಚಾ ರಸ್ತೆಯಲ್ಲಿ ಕುಲುಕುವ ಗಾಡಿಗೆ ಈ ಉಜ್ಜುವಿಕೆ ಬೇರೆ ಗಾಡಿಗಳಿಗಿಂತ ಬೇಗ ಬರುತ್ತದೆ. ಮತ್ತೆ ಇಲಿ. ರಾತ್ರಿ ಗಾಡಿ ಹಟ್ಟಿಯ ಬದಿಯಲ್ಲೋ ಅಡಿಕೆಯ ಗೋಣಿ ಪೇರಿಸಿದ ಕೊಟ್ಟಿಗೆಯಲ್ಲೋ ನಿಲ್ಲುತ್ತದೆಯೇ? ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ನಿಗಿಂತ ಒಳ್ಳೆಯ ಬಿಡಾರ ಇಲಿಗೆ ಎಲ್ಲಿ ಸಿಗಬೇಕು. ಅದು ತಂತಿಯನ್ನು ತುಂಡು ಮಾಡಿದ್ದರೆ ಬೇಗ ಸಿಗುತ್ತದೆ; ಸಿಪ್ಪೆ ಮಾತ್ರ ಕೆರೆದಿದ್ದರೆ ಒಣಗಿದಾಗ ಎಲ್ಲ ಸರಿ, ಒದ್ದೆಯಾದಾಗ ನಿಮ್ಮ ಈ ಕಥೆ.

ನಾನೇ ಹಿಂದೊಮ್ಮೆ ಇದರಲ್ಲಿ ಎಡವಿದ್ದೇನೆ. ಒಂದು ಪಿಕಪ್‌ಗೆ ಪಿ0192 ಬಂತು, ರೈಲ್ ಸೆನ್ಸರ್ ಹಾಕಿ ಕಳುಹಿಸಿದೆ. ಎಂಟನೆಯ ದಿನ ಗಾಡಿ ಅದೇ ಕೋಡ್ ಹೊತ್ತು ಅಂಗಳಕ್ಕೆ ಬಂತು. ಬ್ಯಾಟರಿ ಬಿಚ್ಚಿ ತಟ್ಟೆ ಎತ್ತಿದಾಗ ಕಂಡದ್ದು ಇಲಿಯ ಗೂಡು: ಅಡಿಕೆಯ ಸಿಪ್ಪೆ, ಹತ್ತಿಯ ಚೂರು, ನಡುವೆ ಎರಡು ಇಂಚು ಬೆತ್ತಲಾದ ತಂತಿ. ಹಳೆಯ ಸೆನ್ಸರ್ ತಿರುಗಿ ಹಾಕಿ ನೋಡಿದೆ, ಏನೂ ಆಗಿರಲಿಲ್ಲ. ಹೊಸ ಸೆನ್ಸರ್‌ನ ಹಣ ಮರಳಿ ಕೊಟ್ಟೆ. ಆ ಸೆನ್ಸರ್ ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ.

ಅಲುಗಾಡಿಸಿ ಒದ್ದೆ ಮಾಡಿ ವೋಲ್ಟೇಜ್ ಕುಸಿದು ಹಾಗೆಯೇ ನಿಂತರೆ ನಿಮ್ಮ ಅದೃಷ್ಟ. ಆಗ ಆ ದಾರಿಯಲ್ಲಿರುವ ಸೆನ್ಸರ್‌ಗಳ ಕನೆಕ್ಟರ್‌ಗಳನ್ನು ಒಂದೊಂದಾಗಿ ಬಿಚ್ಚುತ್ತಾ ಮೀಟರ್ ನೋಡಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳಿತೋ ಕಳ್ಳ ಆ ಸೆನ್ಸರ್, ಅಥವಾ ಅದರ ಕನೆಕ್ಟರ್‌ನೊಳಗೆ ನಿಂತ ನೀರು. ಎಂಜಿನ್ ನಿಂತೇ ಇರಲಿ, ಸೆನ್ಸರ್‌ಗಳನ್ನು ಮಾತ್ರ ಬಿಚ್ಚಿ. ಇಂಜೆಕ್ಟರ್‌ನ ಕನೆಕ್ಟರ್‌ಗಳಿಗೆ ಕೈ ಹಚ್ಚಬೇಡಿ, ಎಂಜಿನ್ ಓಡುವಾಗ ಅವುಗಳಲ್ಲಿ ಬ್ಯಾಟರಿಗಿಂತ ಎಷ್ಟೋ ಪಟ್ಟು ಹೆಚ್ಚಿನ ವೋಲ್ಟೇಜ್ ಇರುತ್ತದೆ. ಬಿಚ್ಚಿದಾಗ ಹೊಸ ಕೋಡ್‌ಗಳು ಬರುತ್ತವೆ. ಗಾಬರಿ ಬೇಡ, ಆದರೆ ಹಳೆಯವನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಂಡಿರಬೇಕು.

ಎಲ್ಲ ಸೆನ್ಸರ್ ಬಿಚ್ಚಿದರೂ ವೋಲ್ಟೇಜ್ ಏಳದಿದ್ದರೆ ಉಳಿದದ್ದು ಎರಡೇ: ತಂತಿ ಅಥವಾ ಇಸಿಯು. ಕೀಲಿ ತೆಗೆದು ಕೆಲವು ನಿಮಿಷ ಕಾಯಿರಿ, ಬ್ಯಾಟರಿಯ ಮೈನಸ್ ಬಿಚ್ಚಿ, ಇಸಿಯುವಿನ ಕನೆಕ್ಟರ್ ತೆಗೆಯಿರಿ. ಈಗ ಆ 5 ವೋಲ್ಟ್ ತಂತಿಗೂ ಗಾಡಿಯ ಲೋಹದ ಮೈಗೂ ನಡುವೆ ಓಮ್ ಅಳೆಯಿರಿ. ಎರಡೂ ತುದಿ ಬಿಚ್ಚಿದ ತಂತಿ ಯಾವುದಕ್ಕೂ ತಾಗಿರಬಾರದು, ಮೀಟರ್ ಏನೂ ತೋರಿಸಬಾರದು. ಕೆಲವೇ ಓಮ್ ತೋರಿಸಿದರೆ ತಂತಿ ಎಲ್ಲೋ ಆ ಲೋಹಕ್ಕೆ ಅಂಟಿದೆ. ಆ ತಂತಿ ಬೇರೆ ತಂತಿಯೊಡನೆ ಕೂಡಿರಬಹುದೇ ಎಂದೂ ನೋಡಿ. ಹಾಗೆಯೇ ಇಸಿಯು ಕನೆಕ್ಟರಿನ ಪಿನ್‌ಗಳನ್ನು ಬೆಳಕಿಗೆ ಹಿಡಿಯಿರಿ; ತಂತಿಯ ಎಳೆಗಳ ನಡುವೆ ನೀರು ಬತ್ತಿಯಲ್ಲಿ ಎಣ್ಣೆ ಏರಿದಂತೆ ಏರಿ ಇಲ್ಲಿಯವರೆಗೂ ಬರುತ್ತದೆ, ಹಸಿರು ಕಿಲುಬು ಕಂಡರೆ ಅದೇ ಸಾಕ್ಷಿ. ತಂತಿಯೂ ಪಿನ್ನೂ ಚೊಕ್ಕವಾಗಿದ್ದು, ಸೆನ್ಸರ್‌ಗಳೆಲ್ಲ ಬಿಚ್ಚಿರುವಾಗಲೂ ಇಸಿಯು 5 ವೋಲ್ಟ್ ಕೊಡದಿದ್ದರೆ, ಆಗ ಮಾತ್ರ ಇಸಿಯು ಮೇಲೆ ಬೆರಳು ತೋರಿಸಲು ಹಕ್ಕು ಬರುತ್ತದೆ. ಆಗಲೂ ಮೊದಲು ರಿಪೇರಿಯ ದಾರಿ ವಿಚಾರಿಸಿ.

ಗುಜರಿಯ ಇಸಿಯು ಬಗ್ಗೆ ನನ್ನ ತಕರಾರು ಬೇರೆಯೇ ಇದೆ. ಗಾಡಿಯಲ್ಲಿ ಇಮೊಬಿಲೈಸರ್ (ಬೇರೆ ಕೀಲಿಗೆ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ಬೇರೆ ಗಾಡಿಯ ಇಸಿಯು ನಿಮ್ಮ ಕೀಲಿಯನ್ನು ಗುರುತಿಸುವುದಿಲ್ಲ. ಕಾಮನ್ ರೈಲ್ ಇಂಜೆಕ್ಟರ್‌ಗಳ ತಲೆಯ ಮೇಲೆ ಒಂದೊಂದಕ್ಕೂ ಬೇರೆ ಬೇರೆ ತಿದ್ದುಪಡಿ ಸಂಕೇತ ಕೆತ್ತಿರುತ್ತದೆ. ಅದನ್ನು ಬಳಸುವ ಗಾಡಿಗಳಲ್ಲಿ ಆ ಸಂಕೇತವನ್ನು ಹೊಸ ಇಸಿಯುವಿಗೆ ಬರೆಯದಿದ್ದರೆ ಐಡಲ್‌ನಲ್ಲಿ ನಡುಕ, ಹೊಗೆ, ಹೊಸ ದೂರು. ಮತ್ತು ತಂತಿ ಹಾಗೆಯೇ ಉಜ್ಜುತ್ತಿದ್ದರೆ, ಬಂದ ಇಸಿಯುವೂ ಮೊದಲ ಮಳೆಗೆ ಪಿ0642 ಎಂದೇ ಹೇಳುತ್ತದೆ.

ತಂತಿ ಸಿಕ್ಕಿದ ಮೇಲೆ ಕಪ್ಪು ಟೇಪ್ ಸುತ್ತಿ ಕಳುಹಿಸುವುದನ್ನು ಒಪ್ಪಬೇಡಿ. ಟೇಪ್ ನೀರನ್ನು ತಡೆಯುವುದಕ್ಕಿಂತ ಹಿಡಿದಿಟ್ಟುಕೊಳ್ಳುವುದೇ ಹೆಚ್ಚು. ಕಿಲುಬು ಹಿಡಿದ ಭಾಗವನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಅದೇ ದಪ್ಪದ ತಂತಿ ಬೆಸೆದು, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ಹಾಕಿ ಬಿಸಿ ಮಾಡಬೇಕು. ಬೆಸುಗೆ ಹಾಕಿದ ಜಾಗ ಗಡುಸಾಗಿರುತ್ತದೆ, ಅಲುಗಾಡಿದರೆ ಅದರ ಅಂಚಿನಲ್ಲೇ ಮುರಿಯುತ್ತದೆ. ಹಾಗಾಗಿ ಎರಡೂ ಬದಿಯಲ್ಲಿ ಕಟ್ಟಿ ಭದ್ರ ಮಾಡಿ, ಬ್ರಾಕೆಟ್ಟಿನ ಅಂಚಿಗೆ ರಬ್ಬರ್ ಕೊಡಿ. ಮಂಜುದೀಪಕ್ಕೋ ಹಾರ್ನಿಗೋ ಹೊರಗಿನವರು ಎಳೆದ ತಂತಿಗಳು ಇದೇ ಕಟ್ಟಿನೊಂದಿಗೆ ಸೇರಿದ್ದರೆ ಬೇರ್ಪಡಿಸಿ. ಅವುಗಳ 12 ವೋಲ್ಟ್ ಈ 5 ವೋಲ್ಟ್ ತಂತಿಗೆ ತಾಗಿದರೆ ಬರುವುದು ಪಿ0643, ಮತ್ತು ಆ ಅಪಘಾತ ಇಸಿಯುವಿಗೆ ನಿಜವಾಗಿಯೂ ಅಪಾಯ. ಹಿಂದಿನ ತೊಟ್ಟಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ ಮೈನಸ್ ಮತ್ತು ಇಸಿಯು ಕನೆಕ್ಟರ್ ಬಿಚ್ಚಿಸುವುದನ್ನೂ, ಲಾರಿಯ 24 ವೋಲ್ಟ್‌ನಿಂದ ಜಂಪ್ ಸ್ಟಾರ್ಟ್ ಮಾಡದಿರುವುದನ್ನೂ ಹೇಳಿಯೇ ಬಿಡುತ್ತೇನೆ.

ಕೋಡ್ ಅಳಿಸುವುದು ಎಲ್ಲ ಮುಗಿದ ಮೇಲೆ. ಅಳಿಸುವ ಮೊದಲು ಸ್ಕ್ಯಾನರಿನಲ್ಲಿ ಫ್ರೀಜ್ ಫ್ರೇಮ್ ತೆರೆದು ನೋಡಲು ಹೇಳಿ: ಕೋಡ್ ಬಿದ್ದ ಕ್ಷಣದ ವೇಗ, ಆರ್‌ಪಿಎಂ, ಬಿಸಿ ಎಲ್ಲ ಅಲ್ಲಿರುತ್ತದೆ. ಬ್ಯಾಟರಿ ಬಿಚ್ಚಿ ದೀಪ ಆರಿಸುವವರು ಈ ಸುಳಿವನ್ನೂ ಒರೆಸಿಹಾಕಬಹುದು. ಪರೀಕ್ಷೆಗೆ ಕೂರುವ ಮೊದಲೇ ಇದನ್ನು ಬರೆದುಕೊಳ್ಳಿ. ದುರಸ್ತಿ ಆದ ಮೇಲೆ ಸ್ಕ್ಯಾನರಿನಲ್ಲಿ ಲೈವ್ ಡೇಟಾ (ಸೆನ್ಸರ್‌ಗಳ ಆ ಕ್ಷಣದ ಲೆಕ್ಕ) ನೋಡಿ. ಕೀಲಿ ಆನ್, ಎಂಜಿನ್ ಆಫ್ ಇರುವಾಗ ಬೂಸ್ಟ್ ಸೆನ್ಸರ್ ತೋರಿಸಬೇಕಾದದ್ದು ಹೊರಗಿನ ಗಾಳಿಯ ಒತ್ತಡವನ್ನೇ. ಸಮುದ್ರ ಮಟ್ಟದಲ್ಲಿ ಅದು ಸುಮಾರು 101 ಕಿಲೋಪಾಸ್ಕಲ್, ಮುಳ್ಳೇರಿಯದಲ್ಲಿ ಅದಕ್ಕಿಂತ ತುಸು ಕಡಿಮೆ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ 88ರ ಆಸುಪಾಸು. ಕಾಸರಗೋಡಿನಲ್ಲಿ ನಿಂತ ಗಾಡಿ 60 ಎಂದರೆ ಅದು ಸುಳ್ಳು ಹೇಳುತ್ತಿದೆ. ಸ್ಕ್ಯಾನರ್ ಬಿಟ್ಟು ಬೇರೆ ಯಾವ ಉಪಕರಣವೂ ಇಲ್ಲದೆ ಮಾಡಬಹುದಾದ ಪರೀಕ್ಷೆ ಇದು, ನನಗೆ ಬಹಳ ಇಷ್ಟ.

ನಿಮ್ಮ ಬ್ಲೂಟೂತ್ ರೀಡರ್ ಕೆಟ್ಟಿರಬೇಕೆಂದಿಲ್ಲ. ನಮ್ಮ ದೇಶದಲ್ಲಿ ಬಿಎಸ್-4 (ಹೊಗೆಯ ಮಿತಿಯ ಮಾನದಂಡ) ಗಾಡಿಗಳಿಗೆ ಒಬಿಡಿ-2, ಅಂದರೆ ಎಲ್ಲ ರೀಡರ್‌ಗೂ ಅರ್ಥವಾಗುವ ದೋಷ ತಿಳಿಸುವ ವ್ಯವಸ್ಥೆ, ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. ಆದರೆ ಬಿಎಸ್-4 ದೇಶದ ಎಲ್ಲೆಡೆ ಬಂದದ್ದು 2017ರ ಏಪ್ರಿಲ್ 1ಕ್ಕೆ. ನಡುವಿನ ವರ್ಷಗಳಲ್ಲಿ ಬಿಎಸ್-3 ಪಿಕಪ್‌ಗಳೂ ಮಾರಾಟವಾಗಿವೆ. ಅವುಗಳಲ್ಲಿ 16 ಪಿನ್ನಿನ ಸಾಕೆಟ್ ಇದ್ದರೂ ಮಾತು ಕಂಪನಿಯ ಸ್ವಂತ ಭಾಷೆಯಲ್ಲಿ ಇರಬಹುದು. ಏಳು ಭಾಷೆಗಳ ಸಂಗಮ ಎಂದು ನಾವು ಕಾಸರಗೋಡಿನ ಬಗ್ಗೆ ಹೆಮ್ಮೆಪಡುತ್ತೇವೆ, ಎಂಟನೆಯದನ್ನು ಆ ಅಗ್ಗದ ರೀಡರ್ ಕಲಿತಿಲ್ಲ. ನಿಮ್ಮದು ಯಾವ ಬಿಎಸ್ ಎಂದು ಹೊಗೆ ತಪಾಸಣೆಯ ಪ್ರಮಾಣಪತ್ರದಲ್ಲಿ ನೋಡಿ. ರೀಡರಿನ ದೀಪವೇ ಹತ್ತದಿದ್ದರೆ ಮಾತ್ರ ಸಾಕೆಟ್ಟನ್ನು ನೋಡಿ: 16ನೆಯ ಪಿನ್ನಿನಲ್ಲಿ ಬ್ಯಾಟರಿ ವೋಲ್ಟೇಜ್, 4 ಮತ್ತು 5ರಲ್ಲಿ ಅರ್ತ್ ಇರಬೇಕು. ಇಲ್ಲದಿದ್ದರೆ ಫ್ಯೂಸ್.

ಮುಂದೆ ಎಂದಾದರೂ ಪಿ0299 (ಟರ್ಬೊದ ಗಾಳಿಯ ಒತ್ತಡ ಸಾಲದು) ಬಂದರೆ ಟರ್ಬೊ ಬಿಚ್ಚಿಸುವ ಮೊದಲು ಗಾಳಿಯ ಹೋಸ್‌ಗಳ ಕ್ಲಿಪ್, ಟರ್ಬೊ ನಿಯಂತ್ರಿಸುವ ಸಣ್ಣ ವ್ಯಾಕ್ಯೂಮ್ ಪೈಪ್‌ಗಳು ಮತ್ತು ಮುರಕಲ್ಲಿನ ಕೆಂಪು ಧೂಳು ತುಂಬಿದ ಏರ್ ಫಿಲ್ಟರ್ ನೋಡಿ. ಪಿ0087 (ರೈಲಿನಲ್ಲಿ ಡೀಸೆಲ್ ಒತ್ತಡ ಕಡಿಮೆ) ಬಂದರೆ ಮೊದಲು ಡೀಸೆಲ್ ಫಿಲ್ಟರ್, ಅದರ ತಳದಲ್ಲಿ ನಿಂತ ನೀರು. ಆದರೆ ಹಳೆಯ ಡೀಸೆಲ್ ಗಾಡಿಗಳ ಹಾಗೆ ಎಂಜಿನ್ ಓಡುತ್ತಿರುವಾಗ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ನೋಡುವ ಸಾಹಸವನ್ನು ಯಾರಿಗೂ ಮಾಡಲು ಬಿಡಬೇಡಿ. ಐಡಲ್‌ನಲ್ಲೇ ಅಲ್ಲಿ 200 ಬಾರ್‌ಗಿಂತ ಹೆಚ್ಚು ಒತ್ತಡ ಇರುತ್ತದೆ, ಪೂರ್ಣ ಭಾರದಲ್ಲಿ ಸಾವಿರ ದಾಟುತ್ತದೆ. ಆ ಡೀಸೆಲ್ ಎಳೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಸೂಜಿಮೊನೆಯಷ್ಟು ಗಾಯ ಕಂಡರೂ ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ಗಾಯ ಅದು.

ತಂತಿ ಸಿಗುವವರೆಗೆ ಚೆರ್ಕಳ, ಬದಿಯಡ್ಕದ ಕಡೆ ಖಾಲಿ ಓಡಾಡಿದರೆ ಹೆಚ್ಚಿನ ತೊಂದರೆ ಇಲ್ಲ. ಭಾಗಮಂಡಲದ ಬಾಡಿಗೆಗೆ ಮಾತ್ರ ಬೇರೆಯವರ ಗಾಡಿ ಗೊತ್ತು ಮಾಡಿಕೊಡಿ. ಕರಿಕೆ ದಾಟಿದ ಮೇಲಿನ ಏರಿನಲ್ಲಿ, ಮಳೆಯಲ್ಲಿ, ತಿರುವಿನ ನಡುವೆ, ಲೋಡ್ ಹೊತ್ತು ಲಿಂಪ್ ಮೋಡ್‌ಗೆ ಬಿದ್ದರೆ ಹಿಂದೆ ಬರುವ ಬಸ್ಸಿಗೆ ಅದು ಗೊತ್ತಿರುವುದಿಲ್ಲ.